ಮುಂಜಾನೆ ಐದು ಗಂಟೆಯ ಕೆಮ್ಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹತ್ತನೇ ತರಗತಿಯ ಪರೀಕ್ಷೆಗೆ ಎರಡು ತಿಂಗಳಿದ್ದಾಗ ನಾನು ಪಾಠ ಓದುವ ನನ್ನದೇ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟೆ. ದಿನಾ ಮುಂಜಾನೆ ಐದಕ್ಕೆ ಅದನ್ನು ಓದಲು ಬಿಟ್ಟು ನಾನು ಕಂಬಳಿಯೊಳಗೆ ನಿದ್ದೆ ಹೊಡೆದೆ. ಜಗತ್ತಿನಲ್ಲಿ ಕಳ್ಳರು ಬೇಕಾದಷ್ಟು ಮಂದಿ ಇದ್ದಾರೆ. ತನ್ನ ಕಳ್ಳತನದ ಸಾಕ್ಷಿಯನ್ನು ತಾನೇ ತಯಾರಿಸಿ, ದಿನಕ್ಕೊಂದು ಗಂಟೆ ಓಣಿಗೆಲ್ಲ ಕೇಳಿಸಿದ ಕಳ್ಳ ಮಾತ್ರ ನಾನೊಬ್ಬನೇ ಇರಬೇಕು.

ಆಗ ನನಗೆ ಇಡೀ ಮನೆಯ ಮೇಲೆ ಸಿಟ್ಟಿತ್ತು. ನಮ್ಮೂರು ನ್ಯಾಮತಿಗೂ ಹೊನ್ನಾಳಿಗೂ ನಡುವೆ ಇದೆ; ಬಸ್ಸು ಹಾರ್ನ್ ಹೊಡೆದರೆ ಮಾತ್ರ ಇಲ್ಲೊಂದು ಊರಿದೆ ಎಂದು ಗೊತ್ತಾಗುತ್ತದೆ. ಅಪ್ಪ ಚನ್ನಗಿರಿಯಲ್ಲಿ ಅಡಿಕೆ ಮೂಟೆ ಹೊರುವ ಹಮಾಲಿ. ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಡಿಸೆಂಬರಿನ ಒಂದು ಭಾನುವಾರ ಬಂದವನೇ ಟಿವಿಯನ್ನು ಗೋಣಿಚೀಲಕ್ಕೆ ತುಂಬಿ, ದಬ್ಬಣದಿಂದ ಬಾಯಿ ಹೊಲಿದು, ಅಟ್ಟಕ್ಕೆ ಏರಿಸಿದ.

“ಪಾಸಾದ್ರೆ ಈ ಚೀಲ ಬಿಚ್ಚಾದು. ಫೇಲಾದ್ರೆ ಜೂನ್‌ನಾಗೆ ನೀನೂ ನನ್ ಜೊತೆ ಚನ್ನಗಿರಿಗೆ ಬಾ. ಚೀಲ ಹೊಲಿಯಾದು, ಹೊರಾದು ಎರಡೂ ಕಲಿಸ್ತೀನಿ” ಎಂದ.

ಅವ್ವ ಭತ್ತದ ನಾಟಿಗೆ ಹೋಗುವುದನ್ನೇ ಬಿಟ್ಟಳು. “ಹುಡುಗಂದು ಈ ವರ್ಷ ಹತ್ತನೇ ಕ್ಲಾಸು” ಎಂದು ನಾಟಿ ಗುಂಪಿನವರಿಗೆ ಹೇಳಿದಳಂತೆ, ಮನೆಯಲ್ಲಿ ಹಸೀ ಬಾಣಂತಿ ಇದ್ದಾಳೆ ಎನ್ನುವ ದನಿಯಲ್ಲಿ. ನನ್ನ ಕೋಣೆಯ ಬಾಗಿಲ ಹೊರಗೆ ಚಾಪೆ ಹಾಸಿಕೊಂಡು, ಹಳೇ ಸೀರೆಗಳನ್ನು ಸೇರಿಸಿ ಊರವರಿಗೆ ಕೌದಿ ಹೊಲಿಯುತ್ತ ಕಾವಲು ಕೂತಳು. ಇದು ಸಾಲದು ಎಂಬಂತೆ ಜಗಳೂರಿನಿಂದ ದೊಡ್ಡವ್ವನ ಫೋನು. ಅವಳ ಮಗಳೂ ಹತ್ತನೇ ಕ್ಲಾಸು.

“ನಮ್ ಹುಡುಗಿ ಉಣ್ಣಾಕೂ ಏಳಲ್ಲ ಕಣವ್ವ. ಪುಸ್ತಕದ ಮೇಲೇ ರೊಟ್ಟಿ ಇಟ್ಕಂಡು ತಿಂತಾಳೆ. ನಿನ್ ಮಗ ಹೆಂಗೆ?”

“ಇವ್ನೂ ತಿಂತಾನೆ” ಎಂದಳು ಅವ್ವ. ಸುಳ್ಳು ಹೇಳಲಿಲ್ಲ.

ನಮ್ಮ ಕಡೆ ಓದು ಎಂದರೆ ಸದ್ದು. ಅಕ್ಷರ ಬಾರದ ತಾಯಿಗೆ ಮಗ ಓದುತ್ತಿದ್ದಾನೋ ಇಲ್ಲವೋ ತಿಳಿಯಲು ಇನ್ನಾವ ದಾರಿ ಇದೆ? ಮನಸ್ಸಿನಲ್ಲೇ ಓದಿದರೆ ಅದು ಲೆಕ್ಕಕ್ಕಿಲ್ಲ. “ಗಟ್ಟಿಯಾಗಿ ಓದೋ, ಕೇಳಂಗಿಲ್ಲ!” ಎಂದು ಹೊರಗಿನಿಂದ ಕೂಗು ಬರುತ್ತಿತ್ತು. ಗಣಿತವನ್ನೂ ನಾನು ಕೂಗಿಯೇ ಮಾಡಬೇಕಿತ್ತು. ವರ್ಗಮೂಲವನ್ನು ಕಿರುಚಿದರೆ ಅದು ಬಿಡಿಸಿಕೊಳ್ಳುತ್ತದೆಯೇ? ನನ್ನ ಗಂಟಲು ಕಟ್ಟಿತು, ಲೆಕ್ಕ ಕಟ್ಟಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರ ಮೇಲೆ. ಜನವರಿಯಲ್ಲಿ ನ್ಯಾಮತಿಯ ಶಾಲೆಯಲ್ಲಿ ಪೋಷಕರ ಸಭೆ ಕರೆದು, ‘ಮನೆಯಲ್ಲಿ ಓದಿಸುವ ಹೊಣೆ ನಮ್ಮದು, ಫೇಲಾದರೆ ಶಾಲೆಯನ್ನು ದೂರುವುದಿಲ್ಲ’ ಎಂದು ಬರೆದ ಹಾಳೆಗೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಹತ್ತು ವರ್ಷ ಪಾಠ ಹೇಳಿದ್ದು ಶಾಲೆ, ಹೊಣೆ ಮಾತ್ರ ಭತ್ತ ನಾಟಿ ಮಾಡುವವಳದು! ಈಗಲೂ ಆ ಹಾಳೆ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ. ಅವ್ವ ಮಾತ್ರ ಮನೆಗೆ ಬಂದು, ಬೆರಳಿನ ಮಸಿಯನ್ನು ಎರಡು ದಿನ ಉಜ್ಜಿ ತೊಳೆಯದೆ ಹಾಗೇ ಇಟ್ಟುಕೊಂಡಿದ್ದಳು. “ಮಾತು ಕೊಟ್ಟೀನಿ ಕಣೋ” ಎಂದು ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದಳು.

ಅಂದಿನಿಂದ ಮೇಷ್ಟ್ರು ದಿನಾ ಮುಂಜಾನೆ ಐದಕ್ಕೆ ಮಕ್ಕಳ ಮನೆಗಳಿಗೆ ಫೋನ್ ಮಾಡತೊಡಗಿದರು. ಅವ್ವನ ಹತ್ತಿರ ಬಟನ್ ಫೋನು ಇತ್ತು.

“ಎದ್ದನೇನಮ್ಮ?”

“ಎದ್ದಾನ್ರಿ ಸಾರ್. ಓದಾಕೆ ಕುಂತಾನೆ. ಕೇಳ್ರಿ ಬೇಕಾದ್ರೆ” ಎಂದು ಅವ್ವ ಫೋನನ್ನು ನನ್ನ ಬಾಗಿಲಿಗೆ ಹಿಡಿಯುತ್ತಿದ್ದಳು. ಒಳಗಿನಿಂದ ಸದ್ದು ಬಂದರೆ ಮೇಷ್ಟ್ರು “ಗುಡ್” ಎಂದು ಇಟ್ಟುಬಿಡುತ್ತಿದ್ದರು.

ಸದ್ದು ತಾನೇ ಬೇಕು ಇವರಿಗೆಲ್ಲ? ಕೊಡೋಣ ಎಂದುಕೊಂಡೆ. ಒಂದು ಸಂಜೆ ಅವ್ವ ನಲ್ಲಿ ನೀರಿಗೆ ಹೋದಾಗ, ಅಪ್ಪ ಓದಿಗೆಂದೇ ಕೊಡಿಸಿದ ಫೋನು ತೆಗೆದು, ಯುರೋಪಿನವರು ನಮ್ಮ ದೇಶಕ್ಕೆ ಬಂದ ಪಾಠವನ್ನು ಗಟ್ಟಿಯಾಗಿ ಓದಿ ತುಂಬಿಸಿದೆ. ನನ್ನ ಬುದ್ಧಿವಂತಿಕೆ ಎಷ್ಟಿತ್ತೆಂದರೆ, ಕಾನ್‌ಸ್ಟಾಂಟಿನೋಪಲ್ ಎಂಬ ಊರಿನ ಹೆಸರು ಬಂದಾಗ ಎರಡು ಸಲ ಎಡವಿದೆ. ನಡುವೆ ಒಮ್ಮೆ ಕೆಮ್ಮಿದೆ. ಹೊನ್ನಾಳಿಯಿಂದ ಬರುವ ಸಂಜೆ ಆರರ ಬಸ್ಸು ಹಾರ್ನ್ ಹೊಡೆದದ್ದೂ ತುಂಬಿಕೊಂಡಿತು. ಹಡಗುಗಳು ಹೊಸ ದಾರಿ ಹುಡುಕುತ್ತ ಸಮುದ್ರಕ್ಕಿಳಿದ ಕಡೆಗೆ ಬರುವಷ್ಟರಲ್ಲಿ ಫೋನಿನಲ್ಲಿ ಜಾಗ ಮುಗಿದು ಪಾಠ ಅರ್ಧಕ್ಕೇ ನಿಂತಿತು. ಫೋನಿನ ತುಂಬ ಕ್ರಿಕೆಟ್ ವಿಡಿಯೋ ಇದ್ದವು. ಅವನ್ನು ಅಳಿಸಲು ಮನಸ್ಸಾಗಲಿಲ್ಲ. ಯುರೋಪಿನವರನ್ನೇ ನಡುನೀರಿನಲ್ಲಿ ಬಿಟ್ಟೆ. ಮುಗಿದ ತಕ್ಷಣ ಮತ್ತೆ ಮೊದಲಿನಿಂದ ಶುರುವಾಗುವಂತೆ ಮಾಡಿ, ಮುಂಜಾನೆ ಐದಕ್ಕೆ ಒತ್ತಿ ಮಲಗಿದೆ.

ಫಲಿತಾಂಶ ಅದ್ಭುತವಾಗಿತ್ತು. ಮೇಷ್ಟ್ರು “ವೆರಿ ಗುಡ್” ಎಂದರು. ಪಕ್ಕದ ಮನೆಯ ಅಜ್ಜ ಮಾತ್ರ ಕತ್ತಲಲ್ಲಿ ಹಾರ್ನ್ ಕೇಳಿ, ಹೊನ್ನಾಳಿಗೆ ಹೋಗಲು ಹೊಸ ಬಸ್ಸು ಬಿಟ್ಟಿದ್ದಾರೆಂದು ಚೀಲ ಹಿಡಿದು ಮೂರು ದಿನ ರಸ್ತೆಗೆ ಓಡಿದರು. “ದಿನಾ ಮಿಸ್ಸಾಗ್ತೈತಲ್ಲೋ! ಡ್ರೈವರ್‌ಗೇನು ಹಿಂದೆ ದೆವ್ವ ಹತ್ತೈತಾ?” ಎಂದು ನನ್ನನ್ನೇ ಕೇಳಿದರು. ನಾನೂ ಅವರ ಜೊತೆ ಸೇರಿಕೊಂಡು ಆ ಡ್ರೈವರನ್ನು ಬೈದೆ.

ಕೆಮ್ಮಿಗೆ ಮಾತ್ರ ಶಿಕ್ಷೆಯಾಯಿತು. ಮಗ ದಿನಾ ಮುಂಜಾನೆ ಕೆಮ್ಮುತ್ತಾನೆಂದು ಅವ್ವ ಕಾಳುಮೆಣಸು, ಶುಂಠಿ ಕುಟ್ಟಿ ಕಷಾಯ ಕಾಸತೊಡಗಿದಳು. ನಾನು ಒಂದೇ ಸಲ ಕೆಮ್ಮಿದ್ದೆ. ಒಂದು ತಿಂಗಳು ಕಷಾಯ ಕುಡಿದೆ. ಆ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವ್ವ ಅದನ್ನು ನೋಡಿ “ಓದಿ ಓದಿ ಕಣ್ಣು ಹೆಂಗೆ ಕೆಂಪಾಗ್ಯಾವೆ ನೋಡು” ಎನ್ನುತ್ತಿದ್ದಳು.

ಫೆಬ್ರುವರಿಯ ಕೊನೆಗೆ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂತು. ಮೂರು ವಿಷಯದಲ್ಲಿ ಫೇಲು. ಸಮಾಜ ವಿಜ್ಞಾನವೂ ಅದರಲ್ಲಿ ಸೇರಿತ್ತು. ಮತ್ತೆ ಪೋಷಕರ ಸಭೆ. ಅವ್ವ ಇಸ್ತ್ರಿ ಮಾಡಿಸಿದ ಸೀರೆ ಉಟ್ಟು ಬಂದಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಮೇಷ್ಟ್ರು ಅಂಕಪಟ್ಟಿ ಹಿಡಿದು ಅವಳನ್ನು ಎಲ್ಲರ ಮುಂದೆ ಎದ್ದು ನಿಲ್ಲಿಸಿದರು.

“ಏನಮ್ಮ, ಮನೇಲಿ ಓದ್ತಾನಾ ಇಲ್ವಾ ಇವನು?”

“ಓದ್ತಾನ್ರಿ ಸಾರ್. ದಿನಾ ಮುಂಜಾನೆ ಓದ್ತಾನೆ. ನಾನೇ ಬಾಗಿಲಾಗೆ ಕುಂತು ಕೇಳ್ತೀನಿ. ನೀವೂ ಕೇಳೀರಲ್ರಿ ಫೋನ್‌ನಾಗೆ?”

“ಏನ್ ಓದ್ತಾನೆ ಅಂತ ನಿಮಗೇನ್ ಗೊತ್ತಾಗುತ್ತೆ?” ಎಂದು ಮೇಷ್ಟ್ರು ನಕ್ಕರು.

ಅವ್ವ ಸೆರಗು ಸರಿಮಾಡಿಕೊಂಡಳು. ಆಮೇಲೆ, ನಾನು ಸಾಯುವವರೆಗೆ ಮರೆಯಲಾರದ ಹಾಗೆ, ಪಾಠ ಒಪ್ಪಿಸತೊಡಗಿದಳು. ಅಚ್ಚು ನನ್ನ ಧಾಟಿ. ಮೆಣಸು, ಲವಂಗ, ಯಾಲಕ್ಕಿಗೆ ಯುರೋಪಿನಲ್ಲಿ ಬಹಳ ಬೇಡಿಕೆ ಇತ್ತು ಎಂದಳು. ವ್ಯಾಪಾರದ ದಾರಿ ಹಾದುಹೋಗುತ್ತಿದ್ದ “ಕಾನ್... ಕಾನ್‌ಸ್ಟಾಂ... ಕಾನ್‌ಸ್ಟಾಂಟಿನೋಪಲ್” ನಗರವನ್ನು ತುರ್ಕರು ವಶಪಡಿಸಿಕೊಂಡರು ಎಂದಳು. ನಾನು ಎಡವಿದ ಎರಡೂ ಕಡೆ ಅವಳೂ ಎಡವಿದಳು. ಆಮೇಲೆ ನಿಲ್ಲಿಸಿ, “ಇಲ್ಲಿ ದಿನಾ ಕೆಮ್ತಾನ್ರಿ. ಕಷಾಯ ಕೊಟ್ರೂ ಹೋಗಂಗಿಲ್ಲ” ಎಂದು ವಿವರಿಸಿ ಮುಂದುವರಿಸಿದಳು. ಹಡಗುಗಳನ್ನು ಸಮುದ್ರಕ್ಕಿಳಿಸಿ ಸುಮ್ಮನಾದಳು.

“ಮುಂದೆ?” ಎಂದರು ಮೇಷ್ಟ್ರು.

“ಅಷ್ಟೇ ರೀ. ಅಲ್ಲಿಗೆ ಬಂದು ನಿಂತ್‌ಬಿಡ್ತಾನೆ, ಮತ್ತೆ ಮೊದಲಿಂದ ಹಿಡಿತಾನೆ. ಮುಂದಿಂದು ನೀವು ಇನ್ನಾ ಹೇಳ್ಕೊಟ್ಟಿಲ್ಲೇನೋ ಅಂತ ನಾನು...”

ಸಭೆಗೆ ಸಭೆಯೇ ಹೋ ಎಂದು ನಕ್ಕಿತು. ಹುಡುಗರಿಗೆ ಎಲ್ಲ ಅರ್ಥವಾಗಿತ್ತು. ಮೇಷ್ಟ್ರಿಗೂ ಅರ್ಥವಾಯಿತು, ತಿಂಗಳಿಡೀ ತಾವೂ ಫೋನಿಗೆ ವೆರಿ ಗುಡ್ ಹೇಳಿದ್ದು ನೆನಪಾಗಿರಬೇಕು, ಕಿವಿ ಕೆಂಪಾದವು. ಆ ಸಿಟ್ಟನ್ನು ಅವರು ನನ್ನ ಮೇಲೆ ತೀರಿಸಿಕೊಂಡಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ.

“ಅಕ್ಷರ ಇಲ್ದೋರ ಹತ್ರ ಏನ್ ಮಾತು? ನೀನೇ ಕಲ್ಸಿರ್ತೀಯ ಮಗನಿಗೆ ಈ ನಾಟಕಾನೆಲ್ಲ! ಹೆಬ್ಬೆಟ್ಟು ಒತ್ತಿ ಹೋದ್ರೆ ಸಾಕಾ? ಕೂತ್ಕೊ!”

ಅಷ್ಟು ಹೊತ್ತು ‘ನೀವು’ ಆಗಿದ್ದವಳು ಒಂದೇ ಏಟಿಗೆ ‘ನೀನು’ ಆಗಿದ್ದಳು. ಅವ್ವನಿಗೆ ತಾನು ಮಾಡಿದ ತಪ್ಪೇನೆಂದು ಗೊತ್ತಾಗಲಿಲ್ಲ. ಪಾಠ ತಪ್ಪು ಹೇಳಿದೆನೇನೋ ಎಂಬಂತೆ ನನ್ನ ಕಡೆ ನೋಡಿದಳು.

ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತೆ. ವೀರಾವೇಶದ ಮಾತೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡೇ ಎದ್ದೆ. ಆದರೆ ಬೆಂಚಿನ ಮೊಳೆಗೆ ಪ್ಯಾಂಟು ಸಿಕ್ಕಿ ಪರ್‍ರೆಂದು ಹರಿಯಿತು. ಒಂದು ಕೈಯಲ್ಲಿ ಹಿಂಭಾಗ ಮುಚ್ಚಿಕೊಂಡೇ ಹೇಳಬೇಕಾಯಿತು:

“ಸಾರ್, ಅದು ರೆಕಾರ್ಡಿಂಗು. ನಾನೇ ಮಾಡಿದ್ದು. ನಮ್ಮವ್ವಗೆ ಗೊತ್ತಿಲ್ಲ. ಅಕ್ಷರ ಇಲ್ದೋಳಿಗೆ ಗೊತ್ತಾಗ್ಲಿಲ್ಲ ಸರಿ, ಅಕ್ಷರ ಇರೋ ನಿಮಗೂ ಗೊತ್ತಾಗ್ಲಿಲ್ವಲ್ಲ ಸಾರ್? ನಮ್ಮವ್ವನ್ನ ‘ನೀವು’ ಅನ್ರಿ.”

ಕೆನ್ನೆಗೆ ಬಿದ್ದ ಏಟು ಮೇಷ್ಟ್ರದ್ದೋ ಅವ್ವನದ್ದೋ ಎಂದು ಗೆಳೆಯರು ಈಗಲೂ ವಾದ ಮಾಡುತ್ತಾರೆ. ಅವ್ವನದ್ದೇ. ಮೇಷ್ಟ್ರು ಕೈ ಎತ್ತುವಷ್ಟರಲ್ಲಿ ಅವಳು ಮೂರು ಬೆಂಚು ದಾಟಿ ಬಂದಿದ್ದಳು.

ಅವ್ವ ಬಸ್ಸಿಳಿದವಳೇ ಮನೆಗೆ ಬಂದು, ಕಷಾಯದ ಪಾತ್ರೆಯನ್ನು ಉಜ್ಜಿ ಉಜ್ಜಿ ತೊಳೆದು ಕವುಚಿ ಹಾಕಿದಳು. ಚಾಪೆ ಸುತ್ತಿಟ್ಟಳು. ಮರುದಿನ ಮುಂಜಾನೆ ನಾನು ನಿಜವಾಗಿಯೇ ಎದ್ದು, ನಿಜವಾದ ಗಂಟಲಿನಿಂದ, ಓಣಿ ಕಿತ್ತುಹೋಗುವ ಹಾಗೆ ಓದಿದೆ. ಐದಕ್ಕೆ ಮೇಷ್ಟ್ರ ಫೋನು ಬಂತು. ಅವ್ವ ಬಾಗಿಲು ತೆಗೆದು ಫೋನನ್ನು ನನ್ನ ಮುಂದೆ ಇಟ್ಟಳು.

“ನಿಂದು ನೀನೇ ಮಾತಾಡ್ಕ” ಎಂದವಳೇ ಬುತ್ತಿ ಕಟ್ಟಿಕೊಂಡು ಹೊರಟಳು. ನಾಟಿ ಮುಗಿದು ಗದ್ದೆಗಳಲ್ಲಿ ಕಳೆ ಕೀಳುವ ಕೆಲಸ ಶುರುವಾಗಿತ್ತು. ಹೊರಗೆ ಕೂಲಿಯವರನ್ನು ತುಂಬಿಕೊಂಡ ಟಾಟಾ ಏಸ್ ಗಾಡಿ ಕಾಯುತ್ತಿತ್ತು.

ಆಗ ಶುರುವಾಯಿತು ನೋಡಿ ನನ್ನ ನಿಜವಾದ ಸಿಟ್ಟು. ಕಾವಲು ಕೂತಾಗ ಕೂತಿದ್ದಾಳೆಂದು ಸಿಟ್ಟಾದವನು, ಈಗ ಕೂರುವುದಿಲ್ಲವೆಂದು ಉರಿದುಹೋದೆ. ಬಾಗಿಲ ಹೊರಗೆ ಯಾರೂ ಇಲ್ಲದಿದ್ದಾಗ ಗಟ್ಟಿಯಾಗಿ ಓದುವುದು ಎಂಥ ದರಿದ್ರ ಕೆಲಸವೆಂದು ಗೊತ್ತಾಯಿತು. ಸಿಟ್ಟಿಗೇ ಓದಿದೆ. ಮೇಷ್ಟ್ರ ಮೇಲಿನ ಸಿಟ್ಟಿಗೆ ಸಮಾಜ ವಿಜ್ಞಾನ, ಜಗಳೂರಿನ ದೊಡ್ಡವ್ವನ ಸಿಟ್ಟಿಗೆ ಇಂಗ್ಲಿಷು, ನನ್ನ ಮೇಲಿನ ಸಿಟ್ಟಿಗೆ ಗಣಿತ. ನನ್ನ ಮೇಲೆ ಸಿಟ್ಟು ಜಾಸ್ತಿ ಇತ್ತು, ಗಣಿತವೂ ಜಾಸ್ತಿ ಇತ್ತು. ಭಾನುವಾರ ಬಂದ ಅಪ್ಪನಿಗೆ ಅವ್ವ ಏನನ್ನೂ ಹೇಳಲಿಲ್ಲ. ಅದು ಏಟಿಗಿಂತ ಕೆಟ್ಟದಾಗಿತ್ತು.

ಪರೀಕ್ಷೆಯಲ್ಲಿ ಯುರೋಪಿನವರ ಪಾಠದಿಂದ ಒಂದೇ ಒಂದು ಪ್ರಶ್ನೆಯೂ ಬರಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಪಾಸಾಗಿದ್ದೆ. ಗಣಿತವನ್ನು ಪಾಸು ಎನ್ನುವುದಕ್ಕಿಂತ, ಹೊಸ್ತಿಲಿಗೆ ಮುಗ್ಗರಿಸಿ ಒಳಗೆ ಬಿದ್ದೆ ಎನ್ನುವುದೇ ಸರಿ. ಚೀಲ ಹೊರುವುದು ತಪ್ಪಿತು. ಅಪ್ಪ ಫೋನಿನಲ್ಲೇ “ಚೀಲ ಬಿಚ್ಚೋ” ಎಂದ. ನಾನು ಅಟ್ಟದಿಂದ ಟಿವಿ ಇಳಿಸಿ, ಹೊಲಿಗೆ ಕತ್ತರಿಸುವಾಗ ವೈರನ್ನೂ ಸೇರಿಸಿಯೇ ಕತ್ತರಿಸಿದೆ.

ಅವ್ವ ಅಂಗಳದಲ್ಲಿ ಕುಳಿತು ಅರ್ಧಕ್ಕೆ ನಿಂತಿದ್ದ ಕೌದಿಯನ್ನು ತೆಗೆದಿದ್ದಳು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತೆ. ಮೂರು ತಿಂಗಳಿಂದ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

“ಅವ್ವಾ, ನಿಂಗೆ ನಾನು ಮೋಸ ಮಾಡಿದೆ. ಇನ್ನಾ ಸಿಟ್ಟೈತಾ?”

ಅವಳು ದಾರವನ್ನು ಹಲ್ಲಿನಿಂದ ಕಡಿದಳು.

“ಐತೆ. ಮೋಸ ಮಾಡಿದ್ದಕ್ಕಲ್ಲ, ಅದಕ್ಕೆ ಅವತ್ತೇ ಕೆನ್ನೆಗೆ ಕೊಟ್ಟೀನಿ. ಒಂದು ತಿಂಗಳು ದಿನಾ ಮುಂಜಾನೆ ನೀನು ಆ ಹಡಗನ್ನ ನೀರಿಗೆ ಇಳಸ್ತಿದ್ದೆ, ಅಲ್ಲೇ ಬಿಡ್ತಿದ್ದೆ. ಇವತ್ತಾದ್ರೂ ಮುಂದಕ್ಕೆ ಓದ್ತಾನೇನೋ ಅಂತ ಸೂಜಿ ಹಿಡ್ಕಂಡು ಕಾಯ್ತಿದ್ದೆ ಕಣೋ ನಾನು. ಅದ್ರಾಗಿದ್ದೋರು ಬದುಕಿದ್ರೋ ಸತ್ರೋ ನಂಗಿನ್ನಾ ಗೊತ್ತಿಲ್ಲ. ಹೋಗು, ಆ ಪುಸ್ತಕ ತಗಂಬಾ. ಮೊದ್ಲು ಅದನ್ನ ದಡ ಮುಟ್ಸು.”