ಒಂಬತ್ತನೇ ನಂಬರಿನ ಬೂಟು

ನನ್ನ ಕಾಲಿನ ನಂಬರ್ ಎಷ್ಟು ಎಂಬುದು ನನಗೆ ಗೊತ್ತಿರಲಿಲ್ಲ. ನಲವತ್ತೆಂಟು ವರ್ಷದ ಮನುಷ್ಯ ಹೀಗೆ ಹೇಳಿದರೆ ಯಾರಿಗಾದರೂ ನಗು ಬರಬಹುದು. ಆದರೆ ಮದುವೆಯಾದ ಮೇಲೆ ನನಗೆ ಬೂಟು ತಂದದ್ದೆಲ್ಲ ನನ್ನ ಹೆಂಡತಿಯೇ. ಅವಳು ಹೋಗಿ ಈಗ ಐದು ತಿಂಗಳು.

ನಾನು ಬಸ್ ಕಂಡಕ್ಟರ್. ಮನೆ ಕುಷ್ಟಗಿಯಲ್ಲಿ. ಕುಷ್ಟಗಿಯಿಂದ ಯಲಬುರ್ಗಾ ಮೇಲೆ ಕೊಪ್ಪಳಕ್ಕೆ ಹೋಗಿ ಬರುವ ಬಸ್ಸಿನಲ್ಲಿ ನನ್ನ ಡ್ಯೂಟಿ. ಮೊದಮೊದಲು ಚಪ್ಪಲಿ ಮೆಟ್ಟಿಕೊಂಡೇ ಹೋಗುತ್ತಿದ್ದೆ. ಒಂದು ದಿನ ಯಲಬುರ್ಗಾದಲ್ಲಿ ಹತ್ತಿದವರೊಬ್ಬರು ಜೋಳದ ಚೀಲವನ್ನು ನೇರವಾಗಿ ನನ್ನ ಕಾಲ ಮೇಲೆ ಇಳಿಸಿದರು. ಹೆಬ್ಬೆರಳಿನ ಉಗುರು ಕಿತ್ತು ಬಂತು. ಅವತ್ತು ಅರಿಶಿನ ಹಚ್ಚುತ್ತಾ ಅವಳು ತೀರ್ಮಾನ ಮಾಡಿಬಿಟ್ಟಳು.

"ಚಪ್ಪಲಿ ಸಾಕು. ಇನ್ ಮ್ಯಾಲ ಬೂಟು. ನಾಲ್ಕು ಮಂದಿ ಮುಂದ ನಿಂದರೋ ಕೆಲಸ, ನೋಡಾಕೂ ಛಲೋ ಇರಬೇಕು."

ಅಲ್ಲಿಂದ ಮುಂದೆ ಅದು ಅವಳ ಕೆಲಸವಾಯಿತು. ಸಂಜೆ ಡ್ಯೂಟಿ ಮುಗಿಸಿ ಬಂದು ನಾನು ಕಟ್ಟೆಯ ಮೇಲೆ ಕೂಡುವುದರೊಳಗೆ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಬರುತ್ತಿದ್ದಳು. "ಕುಂದರಬ್ಯಾಡ್ರಿ, ನಿಂತ ಕಾಲು ಬೇಕು ನನಗ" ಎನ್ನುತ್ತಿದ್ದಳು. ಕಾಲು ತೊಳೆಯಲೂ ಬಿಡುತ್ತಿರಲಿಲ್ಲ. ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಕಡ್ಡಿ ಹಿಡಿದು, ಉಗುರಿನಿಂದ ಗುರುತು ಮಾಡಿ ಮುರಿಯುತ್ತಿದ್ದಳು. ಪಾದದ ಅಗಲಕ್ಕೆ ಒಂದು ದಾರ. ಎರಡನ್ನೂ ಕಾಗದದಲ್ಲಿ ಸುತ್ತಿಕೊಂಡು, ಮರಳಿ ಊರಿನ ತವರುಮನೆಗೆ ಹೋದಾಗ ಪಕ್ಕದ ಗಂಗಾವತಿಯ ಅಂಗಡಿಗೆ ಹೋಗಿ ತರುತ್ತಿದ್ದಳು. ಚಿಕ್ಕ ಮಕ್ಕಳ ಚಪ್ಪಲಿಯನ್ನು ನಮ್ಮ ಕಡೆ ಹಾಗೆಯೇ ತರುತ್ತಾರೆ. ನಮಗೆ ಮಕ್ಕಳಿರಲಿಲ್ಲ. ಆ ಅಳತೆಯೆಲ್ಲ ನನ್ನ ಪಾಲಿಗೇ ಬಂತು.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವರು ವಯಸ್ಸಾದ ಮುಸ್ಲಿಮರು. ಗಿರಾಕಿಗಳೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಇವಳು ಒಂದೊಂದೇ ಬೂಟು ಎತ್ತಿಕೊಂಡು, ನಡುವೆ ಮಡಚಿ ನೋಡಿ, ಒಳಗಿನ ಮೆತ್ತೆ ಎತ್ತಿಸಿ, ತಳದ ಸೋಲಿನ ಹೊಲಿಗೆಯ ಮೇಲೆ ಉಗುರು ಆಡಿಸಿ, ಮೂಗಿಗೂ ಹಿಡಿದು ನೋಡುತ್ತಿದ್ದಳು. ಬರೀ ಅಂಟು ಹಾಕಿದ್ದನ್ನು ಪಕ್ಕಕ್ಕೆ ಇಡುತ್ತಿದ್ದಳು.

"ಇವು ಭಾಳ ಅಗ್ಗ ಅದಾವ್ರಿ ಅಕ್ಕಾರ" ಎಂದರು ಚಾಚಾ.

"ಮಳಿಗಾಲದಾಗ ಬಾಯಿ ಬಿಡ್ತಾವು ಚಾಚಾ. ಮದಿವಿಗೆ ಹೋಗೋ ಬೂಟು ಬ್ಯಾಡ, ಬಸ್ಸಿನ್ಯಾಗ ತುಳಿಸ್ಕೊಳ್ಳೋ ಬೂಟು ಕೊಡ್ರಿ."

ಕೊನೆಗೆ ಒಂದು ಜೊತೆ ಒಪ್ಪಿ ಕಾಗದ ಬಿಚ್ಚಿ ಕಡ್ಡಿ ತೆಗೆದಳು. ಚಾಚಾ ನನ್ನ ಕಡೆ ನೋಡಿ ನಕ್ಕರು. "ಕಾಲು ಇಲ್ಲೇ ಬಂದೈತಲ್ರಿ ಅಕ್ಕಾರ, ಕಡ್ಡಿ ಯಾಕ?"

"ಅವ್ರ ಕಾಲಿನ ಮಾತು ನಂಬಬ್ಯಾಡ್ರಿ. ಕಡ್ಡಿ ಮಾತು ಕೇಳ್ರಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವಳದು ಒಂದು ತಮಾಷೆ ಎಂದುಕೊಂಡೆ, ಯಾಕೆ ಹಾಗೆಂದಳು ಎಂದು ಕೇಳಲಿಲ್ಲ. ಅವಳು ಆರಿಸಿದ ಬೂಟು ಎರಡು ಮಳೆಗಾಲ ತಡೆಯುತ್ತಿದ್ದವು. ಕಾಲಲ್ಲಿ ಬೂಟು ಇದೆ ಎಂಬುದೇ ನನಗೆ ನೆನಪಿರುತ್ತಿರಲಿಲ್ಲ.

ಅವಳು ಮನೆಯಲ್ಲಿ ನೀರು ತುಂಬುವಾಗ ಬಿದ್ದಳೆಂದು ಫೋನ್ ಬಂದಾಗ ನಾನು ಯಲಬುರ್ಗಾ ಬಸ್ ನಿಲ್ದಾಣದಲ್ಲಿದ್ದೆ. ಎದುರಿಗೆ ಬಂದ ಬಸ್ಸು ಹತ್ತಿ ಊರಿಗೆ ಬರುವಷ್ಟರಲ್ಲಿ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಆ ರಾಶಿ ನೋಡಿದೊಡನೆ ನನಗೆ ತಿಳಿಯಿತು. ನನ್ನ ಬೂಟನ್ನೂ ಅಲ್ಲೇ ಕಳಚಿ ಒಳಗೆ ಹೋದೆ.

ಮಣ್ಣು ಮಾಡಿ ಬಂದು, ಎಲ್ಲರೂ ಮನೆಯಲ್ಲಿ ಹಚ್ಚಿಟ್ಟ ದೀಪ ನೋಡಿ ಹೋದ ಮೇಲೆ ಹೊರಗೆ ಒಂದೇ ಜೊತೆ ಕರಿ ಬೂಟು ಉಳಿದಿತ್ತು. ಅವು ನನ್ನವಾಗಿರಲಿಲ್ಲ. ನೋಡಲು ಹಾಗೆಯೇ ಇದ್ದವು, ಅಳತೆಯಲ್ಲಿ ಒಂದು ಬೆರಳು ಸಣ್ಣವು. ಯಾರೋ ಗಡಿಬಿಡಿಯಲ್ಲಿ ನನ್ನವನ್ನು ಮೆಟ್ಟಿಕೊಂಡು ಹೋಗಿದ್ದರು. ಬೇವೂರಿನಿಂದ ಬಂದು ನನ್ನ ಜೊತೆ ಉಳಿದಿದ್ದ ಅಕ್ಕನಿಗೆ ಹೇಳಿದೆ.

"ಹೋಗ್ಲಿ ಬಿಡೋ ತಮ್ಮಾ. ಕಾಲಾಗಿಂದು ಹೋದ್ರ ಪೀಡಾ ಹೋತು ಅಂತಾರ. ಹುಡುಕಬಾರ್ದು."

"ಇನ್ನ ಯಾವ ಪೀಡಾ ಉಳದಿತ್ತು ಅಕ್ಕಾ, ಹೋಗಾಕ?"

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಹಾಗೆ ಕೇಳಬಾರದಿತ್ತು.

ಮಣ್ಣಿಗೆ ಬಂದವರಿಗೆಲ್ಲ ಫೋನ್ ಹಚ್ಚಿ ಬೂಟಿನ ವಿಷಯ ಕೇಳುವುದು ಹೇಗೆ? ಹೆಂಡತಿ ಸತ್ತವನಿಗೆ ಬೂಟಿನ ಚಿಂತೆ ಎಂದಾರು. ಒಯ್ದವರಿಗೂ ಸಾವಿನ ಮನೆಗೆ ಅದಕ್ಕೋಸ್ಕರ ಮರಳಿ ಬರಲು ಮನಸ್ಸಾಗಿರಲಿಕ್ಕಿಲ್ಲ. ಆದರೆ ನನಗೆ ಅವು ಬೇಕಾಗಿದ್ದವು. ಅವಳು ಕಡೆಯದಾಗಿ ನೋಡಿ, ಮಡಚಿ, ಒಪ್ಪಿ ತಂದವು ಅವು.

ದಿನಕರ್ಮ ಮುಗಿಸಿ ಆ ಪರರ ಬೂಟಿನಲ್ಲಿ ಬೆರಳು ಮಡಚಿಕೊಂಡೇ ಡ್ಯೂಟಿಗೆ ಹೋದೆ. ಟಿಕೆಟ್ ಕೊಡುತ್ತಾ ಜನರ ಮುಖ ಬಿಟ್ಟು ಕಾಲು ನೋಡತೊಡಗಿದೆ. ಕೊಪ್ಪಳದಲ್ಲಿ, ಕುಕನೂರಿನಲ್ಲಿ ಹತ್ತುವವರ ಕರಿ ಬೂಟುಗಳನ್ನೆಲ್ಲ ನೋಡಿದೆ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಮೇಲೆ ಕೆಳಗೆ ಬಗ್ಗಿ ನೋಡಲೂ ಜಾಗವಿಲ್ಲ. ಒಬ್ಬ ತಾಯಿ ಗದರಿದಳು: "ಏನ್ರಿ ಕಂಡಕ್ಟರ್ರ, ಆಧಾರ್ ಕಾರ್ಡು ಕೈಯಾಗ ಐತಿ, ಕಾಲಾಗ ಇಲ್ಲ."

ನನ್ನ ಡ್ರೈವರ್ ನಾನು ಕುಂಟುವುದನ್ನು ಕನ್ನಡಿಯಲ್ಲಿ ನೋಡಿ, "ಏನೋ ದೋಸ್ತಾ, ಹೊಸ ಮದುಮಗನಂಗ ನಡ್ಯಾಕತ್ತಿ" ಎಂದುಬಿಟ್ಟ. ಮರುಕ್ಷಣ ನೆನಪಾಗಿ ಸ್ಟೇರಿಂಗಿನ ಕಡೆ ತಿರುಗಿಕೊಂಡ. ಸಂಜೆ ಇಳಿಯುವಾಗ, "ಹೊಸಾವು ತಗೋ, ಕಾಲು ಹಾಳು ಮಾಡ್ಕೋಬ್ಯಾಡ" ಎಂದ.

ರಜೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಗಂಗಾವತಿಗೆ ಹೋದೆ. ಚಾಚಾ ಆಗತಾನೇ ಅಂಗಡಿ ತೆರೆದು ಕಸ ಹೊಡೆಯುತ್ತಿದ್ದರು.

"ಬರ್ರಿ ಬರ್ರಿ ಕಂಡಕ್ಟರ್ ಸಾಹೇಬ್ರ. ಅಕ್ಕಾರ ಬರ್ಲಿಲ್ಲ?"

"ಇಲ್ರಿ."

"ಕಡ್ಡೀನರ ಕಳಿಸ್ಯಾರೋ ಇಲ್ಲೋ?"

"ಇಲ್ರಿ ಚಾಚಾ."

"ಹಂಗಾರ ಜಗಳಾಡಿ ಬಂದೀರಿ" ಎಂದು ನಕ್ಕರು. ಹೇಳಬೇಕು ಎಂದು ಬಾಯಿ ತೆರೆದೆ. ಅವರು ಇನ್ನೂ ನಗುತ್ತಿದ್ದರು. ನಾನೂ ನಕ್ಕೆ.

ನಂಬರ್ ಕೇಳಿದರು, ಗೊತ್ತಿಲ್ಲ ಎಂದೆ. ಅವಳು ಮಾಡುತ್ತಿದ್ದ ಹಾಗೆಯೇ ಎಲ್ಲ ಮಾಡಿದೆ. ಮಡಚಿ ನೋಡಿದೆ. ಹೊಲಿಗೆಯ ಮೇಲೆ ಉಗುರು ಆಡಿಸಿದೆ. ಅಗ್ಗದ್ದನ್ನು ಬಿಟ್ಟೆ, ತೀರ ದುಬಾರಿಯದನ್ನೂ ಬಿಟ್ಟೆ. ಸುತ್ತಲೂ ಹೊಲಿಗೆ ಇದ್ದ ಒಂದು ಜೊತೆ ಸಿಕ್ಕಿತು. ಬೆಂಚಿನ ಮೇಲೆ ಕುಳಿತು ಎಂಟನೇ ನಂಬರ್ ಹಾಕಿಕೊಂಡೆ. ಹೇಳಿ ಮಾಡಿಸಿದ ಹಾಗಿತ್ತು.

ಚಾಚಾ ಇನ್ನೊಂದು ಡಬ್ಬಿ ತಂದರು. "ಅಕ್ಕಾರ ಒಂಬತ್ತು ಒಯ್ತಿದ್ರು ಅನಸ್ತೈತಿ. ಇದನ್ನೂ ನೋಡ್ರಿ."

ಒಂಬತ್ತು ಸಡಿಲಾಯಿತು. ಹಿಂದೆ ಬೆರಳು ಹೋಗುವಷ್ಟು. "ಬ್ಯಾಡ್ರಿ, ಎಂಟೇ ಸರಿ ಐತಿ" ಎಂದೆ. ಅವಳಿಲ್ಲದೆ ಒಂದು ಕೆಲಸ ಮಾಡಿದೆ ಎನಿಸಿತು. ಹಾಗೆ ಅನಿಸಿದ್ದಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಕನಕಗಿರಿ ದಾಟುವವರೆಗೂ ಕಿಟಕಿಯ ಹೊರಗೆ ಮುಖ ಹಾಕಿಕೊಂಡು ಕುಳಿತಿದ್ದೆ.

ಮರುದಿನ ಬೆಳಗಿನ ಟ್ರಿಪ್ಪಿನಲ್ಲಿ ಏನೂ ಅನಿಸಲಿಲ್ಲ. ಮಧ್ಯಾಹ್ನ ಕೊಪ್ಪಳ ಬಿಡುವಾಗ ಚಿಕ್ಕ ಬೆರಳು ಉರಿಯತೊಡಗಿತು. ಯಲಬುರ್ಗಾ ತಲುಪುವಷ್ಟರಲ್ಲಿ ಎರಡೂ ಪಾದಗಳನ್ನು ಇಕ್ಕಳದಲ್ಲಿ ಹಿಡಿದಂತಾಗಿತ್ತು. ನನ್ನ ಸೀಟಿನಲ್ಲಿ ಕುಳಿತು ಲೇಸು ಬಿಚ್ಚಿ ಬೂಟು ಕಳಚಿದೆ. ಪಾದ ಬಾತು ಕೆಂಪಾಗಿತ್ತು, ಹೊಲಿಗೆಯ ಗುರುತು ಚರ್ಮದಲ್ಲಿ ಮೂಡಿತ್ತು. ಮತ್ತೆ ಹಾಕಿಕೊಳ್ಳಲು ಹೋದರೆ ಕಾಲು ಒಳಗೆ ಹೋಗಲೊಲ್ಲದು.

ದಿನವೆಲ್ಲ ನಿಂತವನ ಕಾಲು ಸಂಜೆಗೆ ದೊಡ್ಡದಾಗುತ್ತದೆ. ಇಷ್ಟೇ ವಿಷಯ. ಅವಳು ಸಂಜೆಯೇ ಯಾಕೆ ಅಳೆಯುತ್ತಿದ್ದಳು, ಕಾಲು ತೊಳೆಯುವ ಮೊದಲೇ ಯಾಕೆ, ನಿಲ್ಲಿಸಿಯೇ ಯಾಕೆ ಎಂಬುದು ನನಗೆ ಆ ಸೀಟಿನಲ್ಲಿ ತಿಳಿಯಿತು. ನನ್ನ ಪಾದ ಎಷ್ಟು ಹೊತ್ತಿಗೆ ಎಷ್ಟು ಬಾಯುತ್ತದೆ ಎಂದು ಅವಳು ನೋಡಿಟ್ಟುಕೊಂಡಿದ್ದಳು. ನಾನು ಇಷ್ಟು ವರ್ಷ ಅದೇ ಪಾದದ ಮೇಲೆ ನಿಂತಿದ್ದೆ. ನನಗೆ ಗೊತ್ತಿರಲಿಲ್ಲ. ಅವಳಿಗೆ ಎಲ್ಲಿ ನೋಯುತ್ತಿತ್ತು ಎಂಬುದನ್ನು ನಾನು ಹೀಗೆ ಎಂದೂ ನೋಡಿರಲಿಲ್ಲ. ತಲೆ ಸಿಡಿಯುತ್ತದೆ ಎಂದು ಅವಳು ಆಗಾಗ ಹೇಳುತ್ತಿದ್ದಳು. ಮಲಗು ಎನ್ನುತ್ತಿದ್ದೆ, ಅಷ್ಟೇ. ಅವಳು ಬಿದ್ದದ್ದು ತಲೆಯಲ್ಲಿ ನರ ಒಡೆದು.

ಮುಂದಿನ ರಜೆಗೆ ಬೂಟುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಮತ್ತೆ ಗಂಗಾವತಿಗೆ ಹೋದೆ. ಈ ಸಲ ಮಧ್ಯಾಹ್ನ ಮೀರಿ ಹೋದೆ. ಚಾಚಾ ಬೂಟು ತಿರುವಿ ನೋಡಿದರು. ಮುಂದೆ ನೆರಿಗೆ ಬಿದ್ದಿತ್ತು, ಯಾರೋ ತುಳಿದ ಗುರುತೂ ಇತ್ತು.

"ಹಾಕ್ಕೊಂಡು ಅಡ್ಡಾಡಿದ್ದು ವಾಪಸ್ ತಗೊಳ್ಳಾಂಗಿಲ್ರಿ ಸಾಹೇಬ್ರ. ನೀವೇ ಹೇಳ್ರಿ, ಯಾರಿಗೆ ಮಾರ್ಲಿ?" ಬೂಟನ್ನು ಡಬ್ಬಿಗೆ ಹಾಕುತ್ತಾ ಮತ್ತೆ ತಾವೇ ಹೇಳಿದರು. "ಆತು, ಅಕ್ಕಾರ ಮುಖಾ ನೋಡಿ ಒಂಬತ್ತು ಕೊಡ್ತೀನಿ. ಆದ್ರ ಒಂದು ಮಾತು. ಅವ್ರನ್ನ ಕರ್ಕೊಂಡು ಬಂದು ಒಯ್ರಿ. ನನ್ನ ಮಾತು ಕೇಳ್ದ ಎಂಟು ಒಯ್ದಾನ ನಿಮ್ಮ ಗಂಡ ಅಂತ ಅವ್ರ ಮುಂದ ಹೇಳಬೇಕು ನಾನು. ಬೈಸಬೇಕು ನಿಮಗ."

ಅವರಿಗೆ ಅದು ಒಂದು ಸಂತೋಷದ ಮಾತು. ಒಂಬತ್ತರ ಡಬ್ಬಿಯನ್ನು ಆಗಲೇ ಮೇಲಿನ ಸಾಲಿನಿಂದ ಇಳಿಸಿದ್ದರು.

ಸತ್ತಳು ಎಂದು ಹೇಳಿದ್ದರೆ ಅವರು ಒಂದೂ ಮಾತಾಡದೆ ಆ ಡಬ್ಬಿ ನನ್ನ ಕೈಗೆ ಕೊಡುತ್ತಿದ್ದರು. ಅದು ನನಗೆ ಗೊತ್ತಿತ್ತು. ಅವಳ ಸಾವನ್ನು ಹೇಳಿ ಬೂಟು ತೆಗೆದುಕೊಂಡ ಹಾಗಾಗುತ್ತಿತ್ತು.

"ತವರೂರಿಗೆ ಹೋಗ್ಯಾಳ್ರಿ" ಎಂದೆ.

"ಮರಳಿಗೇನು? ಇಲ್ಲೇ ಐತಲ್ರಿ, ನಾಳಿ ಕರ್ಕೊಂಡು ಬರ್ರಿ."

"ಆತ್ರಿ" ಎಂದು ನನ್ನ ಎಂಟರ ಡಬ್ಬಿಯನ್ನೇ ತೆಗೆದುಕೊಂಡು ಹೊರಬಿದ್ದೆ. "ತಗದಿಟ್ಟಿರ್ತೀನ್ರಿ, ಬ್ಯಾರೇದವ್ರಿಗೆ ಕೊಡಂಗಿಲ್ಲ" ಎಂದು ಹಿಂದಿನಿಂದ ಕೂಗಿ ಹೇಳಿದರು.

ಆಮೇಲೆ ನಾನು ಆ ಬೀದಿಗೆ ಹೋಗಿಲ್ಲ. ಗಂಗಾವತಿ ಮಾರ್ಗದ ಡ್ಯೂಟಿ ಬಂದರೆ ಬಸ್ ನಿಲ್ದಾಣದಿಂದ ಹೊರಗೆ ಕಾಲಿಡುವುದಿಲ್ಲ. ಬೇರೆ ಅಂಗಡಿಯಲ್ಲಿ ಇನ್ನೊಂದು ಜೊತೆ ಕೊಳ್ಳಬಹುದು. ಅಕ್ಕ ಬೇವೂರಿಗೆ ಮರಳುವಾಗಲೂ ಅದನ್ನೇ ಹೇಳಿ ಹೋದಳು, ಡ್ರೈವರ್ ಈಗಲೂ ಹೇಳುತ್ತಾನೆ. ನನಗೆ ಮನಸ್ಸಿಲ್ಲ. ಮಧ್ಯಾಹ್ನದವರೆಗೆ ನಡೆಯುತ್ತದೆ. ಆಮೇಲೆ ಲೇಸು ಸಡಿಲ ಬಿಟ್ಟು, ಕಂಬಿ ಹಿಡಿದು, ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತಾ ಕುಷ್ಟಗಿ ಮುಟ್ಟುತ್ತೇನೆ. ಎರಡು ಉಗುರು ಕಪ್ಪಾಗಿವೆ.

ಬೂಟು ಮಾತ್ರ ಗಟ್ಟಿ. ಒಂದು ಮಳೆಗಾಲ ಕಂಡವು, ದಿನಕ್ಕೆ ನೂರು ಕಾಲು ತುಳಿಯುತ್ತವೆ. ಹೊಲಿಗೆ ಒಂದೂ ಬಿಟ್ಟಿಲ್ಲ, ಸೋಲೂ ಸವೆದಿಲ್ಲ.