ಗೋಲಿ ಇನ್ನೂ ನಿಂತಿರಲಿಲ್ಲ

ಬುಶ್ರಾಳ ಹಟ ಎಂಥದ್ದೆಂದು ಗುಂಡ್ಲುಪೇಟೆಯ ನಮ್ಮ ಕಾಲೇಜಿನಲ್ಲಿ ನನ್ನಷ್ಟು ಬಲ್ಲವರಿಲ್ಲ. ಟೈಲರ್ ಬಷೀರ್ ಅಹಮದರ ಮಗಳು. ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಬಂದು ಕಂಪ್ಯೂಟರ್ ಪಾಠ ಮಾಡುತ್ತಿದ್ದಳು. ತಲುಪಿದರೆ ತಾಯಿಗೆ ಒಂದು ಮಿಸ್ಡ್ ಕಾಲ್, ದಾರಿಯಲ್ಲಿ ಬಸ್ಸು ಕೆಟ್ಟರೆ ಎರಡು.

೨೦೦೭ರಲ್ಲಿ, ನನ್ನ ಫಿಸಿಕ್ಸ್ ಮಕ್ಕಳಿಗೆಂದು, ಇಳಿಜಾರಿನಲ್ಲಿ ಉರುಳುವ ಗೋಲಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದಳು. ಇಪ್ಪತ್ತು ಸೆಕೆಂಡಿನ ಆಟ. ಕೊನೆಯಲ್ಲಿ ಗೋಲಿ ನಿಂತಿದ್ದರೆ ಒಂದು ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಂಡು, ಓಡಿ ‘ನಿಂತಿತು’ ಎನ್ನಬೇಕು. ಉರುಳುತ್ತಲೇ ಇದ್ದರೆ ಇನ್ನೊಂದು ಓಡಿ ‘ಇನ್ನೂ ನಿಂತಿಲ್ಲ’ ಎನ್ನಬೇಕು. ಎರಡನ್ನೂ ಮೊದಲೇ ಬರೆದಿಟ್ಟರೆ ಯಾವುದು ಓಡಬೇಕೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂಬುದು ನನ್ನ ತಲೆಗೆ ಹತ್ತಲಿಲ್ಲ.

“ಮಿಸ್ಡ್ ಕಾಲ್ ಇದ್ದಂಗೆ ಸಾರ್,” ಎಂದು ನಕ್ಕಳು. “ಯಾವ್ದಕ್ಕೆ ಎಷ್ಟು ಕಾಲ್ ಕೊಡ್ಬೇಕು ಅಂತ ನಮ್ಮಮ್ಮಿ ಮೊದ್ಲೇ ಹೇಳಿರ್ತಾರೆ. ಕೊಡೋದು ಕೊನೇಲಿ, ಏನಾಯ್ತು ಅಂತ ನೋಡ್ಕೊಂಡು.”

ಅವಳನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಆಡಳಿತ ಮಂಡಳಿಯ ಕಾರ್ಯದರ್ಶಿ ಗುರುಸಿದ್ದಯ್ಯನವರು ಬರುವವರಿದ್ದರು. ಹಿಂದಿನ ದಿನ ಓಡಿಸಿದರೆ ‘ಇನ್ನೂ ನಿಂತಿಲ್ಲ’. ಅಯ್ಯೋ ಶಿವನೇ, ದೊಡ್ಡವರ ಮುಂದೆ ಇದೆಂಥ ಅಪಶಕುನ!

“ಅದ ತೆಗೆದ್ಬುಡಮ್ಮ,” ಅಂದೆ.

“ನಿಲ್ದೇ ಇರೋದನ್ನ ನಿಂತಿದೆ ಅನ್ನೋಕಾಗುತ್ತಾ ಸಾರ್?” ಅಂದಳು.

ಅವಳು ಬಸ್ಸಿಗೆ ಹೋದ ಮೇಲೆ ನಾನೇ ಕೂತು, ಗೋಲಿ ನಿಂತಿದೆಯೋ ಇಲ್ಲವೋ ಎಂದು ನೋಡುವ ಆ ‘ಇದ್ದರೆ’ಯ ಸಾಲನ್ನು ಅಳಿಸಿದೆ. ಏನೇ ಆಗಲಿ, ‘ನಿಂತಿತು’ ಎನ್ನಲಿ. ಉಪಕಾರ ಮಾಡಿದೆ ಅಂದುಕೊಂಡೆ, ಕೋಣ ನಾನು!

ಮಾರನೆಯ ದಿನ ಆಟ ಮುಗಿಯಿತು. ಗೋಲಿ ಇಳಿಜಾರಿನ ನಟ್ಟನಡುವೆ, ಪಕ್ಕದಲ್ಲಿ ಸೊನ್ನೆಗಿಳಿಯದ ಅದರ ವೇಗದ ಅಂಕಿ, ಕೆಳಗೆ ದೊಡ್ಡದಾಗಿ ‘ನಿಂತಿತು’. ಮಕ್ಕಳು ಕಿಸಕ್ಕೆಂದವು.

“ಓಡೋ ಗೋಲಿ ನಿಂತದೆ ಅಂತದಲ್ಲಮ್ಮ! ಇಷ್ಟು ತಿಳೀದೋರು ಏನ್ ಪಾಠ ಮಾಡೀರಿ?” ಅಂದರು ಗುರುಸಿದ್ದಯ್ಯನವರು.

ಬುಶ್ರಾ ತೆರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅರ್ಥವಾಗಿಹೋಗಿತ್ತು. “ತಪ್ಪಾಯ್ತು ಸಾರ್,” ಅಂದಳು, ನನ್ನ ಹೆಸರೆತ್ತದೆ.

ನನಗೆ ತಡೆಯಲಾಗಲಿಲ್ಲ. “ಅವಳದಲ್ಲ ಸಾರ್. ನಾನೇ ಕೈಹಾಕಿ ಕೆಡಿಸ್ಬುಟ್ಟೆ.”

ಅವಳು ಆ ಸಾಲನ್ನು ಮತ್ತೆ ಬರೆದು ಓಡಿಸಿದಳು. ‘ಇನ್ನೂ ನಿಂತಿಲ್ಲ’. ಗುರುಸಿದ್ದಯ್ಯನವರು ತಲೆಯಾಡಿಸಿ, “ಈಯಮ್ಮ ಇರ್ಲಿ,” ಅಂದರು. ಆಮೇಲೆ ನನ್ನನ್ನು ಹೊರಗೆ ಕರೆದು ಚೆನ್ನಾಗಿ ಉಗಿದರು.

ಒಂದು ವಾರ ಬುಶ್ರಾ ಸ್ಟಾಫ್ ರೂಮಿಗೆ ಬಾರದೆ ಲ್ಯಾಬಿನಲ್ಲೇ ಕೂತು ಊಟ ಮಾಡಿದಳು. ಕೊನೆಗೊಂದು ದಿನ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದಳು: “ನಿಜ ಹೇಳಿದ್ರೆ ನಾನು ಸೋಲ್ತೀನಿ ಅಂದ್ಕೊಂಡ್ರಾ ಸಾರ್?”

ಅಂದುಕೊಂಡಿದ್ದೆ.