ಸುಣ್ಣದ ಕೆಳಗಿನ ಅಕ್ಷರ

ಆ ದಿನ ಮಧ್ಯಾಹ್ನ ಮುತ್ಯಾಲಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಗಂಡ ಮುನಿಕೃಷ್ಣಪ್ಪ ಸಪ್ಪಗೆ ಬಂದು ಕೂತ. ಬಂಡೆಕುಂಟೆ ಕೆರೆಗೆ ಅವನೇ ನೀರುಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವನು. ಕುರುಡುಮಲೆ ಗಣೇಶನನ್ನು ನೋಡಿ ಬಂದ ಕಾರು ಕೆರೆ ಏರಿಯ ಮೇಲೆ ನಿಂತರೆ, ಊರು ತೋರಿಸುವವನೂ ಅವನೇ.

"ಫ್ರಾನ್ಸ್ ದೇಶದ ಗಂಡ ಹೆಂಡ್ತಿ ಬಂದಿದ್ರು ಕಣೇ. ಅವರೂರೂ ನಮ್ಮೂರಷ್ಟೇ. ಫೋನಲ್ಲಿ ತೋರ್ಸಿದ್ರು. ಒಂದು ಹೊಳೆ, ಕಲ್ಲಿನ ಸೇತುವೆ, ಹಳೇ ಗುಡಿ, ಬಟ್ಟೆ ಒಗೆಯೋ ಕೊಳ. ಎಲ್ಲಕ್ಕೂ ಬೋರ್ಡು. ಒಗೆಯೋ ಕೊಳಕ್ಕೂ ಬೋರ್ಡು."

"ನೀನೇನು ತೋರ್ಸಿದೆ?"

"ಗುಟ್ಟೆ ಹತ್ತಿಸ್ದೆ. ಕೆರೆ, ತೂಬು ತೋರ್ಸ್ದೆ. ಆಮೇಲೆ ಗಂಗಮ್ಮನ ಕಲ್ಲು. ಅದರ ಮೇಲೆ ಹಳೇ ಅಕ್ಷರ ಅವೆ ಅಂದೆ. ಎಲ್ಲಿ ಅಂದ್ರು. ಸುಣ್ಣದ ಕೆಳಗೆ ಅಂದೆ. ಡ್ರೈವರ್ ನಕ್ಕುಬಿಟ್ಟ."

ಊರು ಗಂಗಮ್ಮನೆಂದು ಪೂಜಿಸುವ, ತೂಬಿನ ಪಕ್ಕದ ಆ ಕಲ್ಲಿಗೆ ಸುಣ್ಣ ಬಳಿಯುವವಳು ಮುತ್ಯಾಲಮ್ಮ. ಹಿಂದೆ ಅವಳ ಅತ್ತೆ, ಅದಕ್ಕೂ ಹಿಂದೆ ಅತ್ತೆಯ ಅತ್ತೆ. ಯುಗಾದಿಗೆ ಸುಣ್ಣ, ದಿನಾ ಬೆಳಗ್ಗೆ ಅರಿಶಿನ. ಚಿಕ್ಕಂದಿನಲ್ಲಿ ಒಮ್ಮೆ ಸುಣ್ಣ ಉದುರಿದ ಕಡೆ ಮುನಿಕೃಷ್ಣಪ್ಪ ಬೆರಳಿಟ್ಟು ಅಕ್ಷರ ತಡವಿದ್ದನಂತೆ. ಊರು ನಂಬಿರಲಿಲ್ಲ.

"ಒಂದ್ಸಲ ತೊಳೀಲೇನೇ?"

"ದೇವರ ಮೈ ಕೆರೀತೀಯೇನಯ್ಯಾ? ಕೈ ಬಿದ್ದೋಗುತ್ತೆ. ಉಣ್ಣು ಬಾ."

ಸಾರು ಎರಡು ಸಲ ಹಾಕಿಸಿಕೊಂಡು ಉಂಡ. ಮಾರನೆಯ ಬೆಳಗ್ಗೆ ತೂಬು ಮುಚ್ಚಲು ಹೋದವನು ಆ ಕಲ್ಲಿಗೇ ಒರಗಿ ಕೂತ. ಏಳಲಿಲ್ಲ.

ಗಂಡ ಹೋದವಳ ಕೈಯ ಅರಿಶಿನ ಬೇಡವೆಂದು ಊರು ಆ ಕೆಲಸವನ್ನು ಬೇರೊಬ್ಬಳಿಗೆ ಕೊಟ್ಟಿತು.

ಆರು ತಿಂಗಳಿಗೆ ಏರಿಯ ದುರಸ್ತಿ ಕೆಲಸ ಬಂತು. ಕಲ್ಲಿನ ತೂಬು ಒಡೆದು ಪೈಪು ಹಾಕುವುದು, ಗಂಗಮ್ಮನನ್ನು ಕಿತ್ತು ಅರಳಿಮರದಡಿ ಇಡುವುದು ಎಂದಾಯಿತು. ಅವಳು ಮೇಸ್ತ್ರಿ ಕದಿರೇಶನ ಮುಂದೆ ನಿಂತಳು.

"ಅದರಲ್ಲಿ ಅಕ್ಷರ ಅವೆ. ನಮ್ಮೆಜಮಾನ್ರು ಸುಳ್ಳು ಹೇಳೋರಲ್ಲ."

"ಅಕ್ಷರದ ಕಲ್ಲಾದ್ರೆ ನಾನೂ ಮುಟ್ಟಲ್ಲಮ್ಮ. ತೋರ್ಸು. ಇಲ್ಲಾಂದ್ರೆ ಸೋಮವಾರ ಜೆಸಿಬಿ ಬರುತ್ತೆ."

ಭಾನುವಾರ ಅವಳು ಒಂದು ಬಿಂದಿಗೆ ಹುಣಸೆಹುಳಿ ಕಿವುಚಿದಳು. ತೆಂಗಿನ ನಾರು ಹಿಡಿದು ಏರಿ ಹತ್ತಿದಳು. "ತಪ್ಪಾಯ್ತು ತಾಯಿ" ಎಂದು ಕೈಮುಗಿದು, ಹಿತ್ತಾಳೆ ಚೊಂಬು ಬೆಳಗುವಂತೆ ಕಲ್ಲು ಉಜ್ಜತೊಡಗಿದಳು. ಜನ ಸೇರಿದರು. ಊರ ಹಿರಿಯ ಪೆದ್ದಪ್ಪ ಕೋಲೂರಿ ಬಂದ.

"ಗಂಡ ಹೋದ್ಮೇಲೆ ದೇವರ ಚರ್ಮ ಸುಲೀತಿದೀಯೇನಮ್ಮ?"

"ಸ್ನಾನ ಮಾಡಿಸ್ತಿದೀನಿ ಮಾವ. ಗಂಡಸರು ಆ ಕಡೆ ತಿರುಗ್ರಿ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಸುಣ್ಣ ನೊರೆ ಬಂದು ಪದರಪದರವಾಗಿ ಎದ್ದಿತು. ಅವಳದು, ಅತ್ತೆಯದು, ಅತ್ತೆಯ ಅತ್ತೆಯದು. ಹೊತ್ತು ಇಳಿಯುವಾಗ ಬೆರಳಿಗೆ ಒಂದು ಗುಂಡನೆಯ ಗೆರೆ ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಸಾಲು ಸಾಲು. ಅವಳಿಗೆ ಓದು ಬಾರದು. ಆದರೆ ಯಾರೋ ಕೂತು ಬರೆದದ್ದು ಅದು ಎಂದು ತಿಳಿಯಲು ಓದು ಬೇಕಿರಲಿಲ್ಲ.

ಕದಿರೇಶ ಚಪ್ಪಲಿ ಬಿಟ್ಟು ಬಂದು ನೋಡಿದ. ಅವನೇ ಫೋಟೊ ತೆಗೆದು ಮುಳಬಾಗಿಲಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಸುನಂದ ಮೇಡಂಗೆ ಕಳಿಸಿದ. ಮರುದಿನ ಜೆಸಿಬಿ ಬರಲಿಲ್ಲ, ಮೇಡಂ ಬಂದರು. ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ಅಚ್ಚು ತೆಗೆದು ಓದಿದರು.

"ಎಂಟುನೂರು ವರ್ಷದ ಕಲ್ಲು. ಕೆರೆ ಒಡೆಯೋ ಹೊತ್ತಲ್ಲಿ ನೀರಿಗಿಳಿದು ತೂಬು ತೆಗೆದು ಸತ್ತ ನೀರುಗಂಟಿಗೆ ಊರು ನೆಟ್ಟಿದ್ದು. ಅವನ ಹೆಂಡತಿಗೆ ಗದ್ದೆ ಬಿಟ್ಟಿದ್ದಾರೆ. ಸುಣ್ಣ ಇಲ್ದಿದ್ರೆ ಅಕ್ಷರ ಸವೆದುಹೋಗ್ತಿತ್ತಮ್ಮ. ಉಳಿಸಿದ್ದು ನಿಮ್ಮ ಮನೆ ಹೆಂಗಸರು."

"ಮುನಿಕೃಷ್ಣ ಹೇಳ್ತಾನೇ ಇದ್ದ" ಎಂದ ಪೆದ್ದಪ್ಪ.

"ನೀವು ನಗ್ತಾನೇ ಇದ್ರಿ ಮಾವ."

ತೂಬು ಉಳಿಯಿತು. ಪೈಪು ಆಚೆ ಬದಿಗೆ ಹೋಯಿತು. ಏರಿಯ ಮೇಲೆ ನೀಲಿ ಬೋರ್ಡು ಬಂತು: ಗುಟ್ಟೆ, ಕೆರೆ, ತೂಬು, ಕಲ್ಲು. ಕೊನೆಯ ಸಾಲಿನಲ್ಲಿ, ಅಕ್ಷರವಿದೆ ಎಂದು ಮೊದಲು ಹೇಳಿದವನ ಹೆಸರು. ಓದು ಬಾರದಿದ್ದರೂ ಅದು ಯಾವ ಸಾಲು ಎಂದು ಅವಳಿಗೆ ಗೊತ್ತು.

ಅರಿಶಿನಕ್ಕೆ ಊರಿನ ಅಡ್ಡಿಯಿದೆ, ನೀರಿಗಿಲ್ಲ. ಈಗಲೂ ದಿನಾ ಬೆಳಗ್ಗೆ ಮುತ್ಯಾಲಮ್ಮ ಕೆರೆಯಿಂದ ಒಂದು ಬಿಂದಿಗೆ ತುಂಬಿ ಕಲ್ಲಿನ ಮೇಲೆ ಸುರಿಯುತ್ತಾಳೆ. ಸೊಂಟದಲ್ಲಿ ಸಿಕ್ಕಿಸಿಕೊಂಡ ಗಂಡನ ಟವೆಲು ತೆಗೆದು, ಮೇಲಿನ ಸಾಲಿನಿಂದ ಒಂದೊಂದೇ ಅಕ್ಷರ ಒರೆಸುತ್ತಾಳೆ.